ಹೂವಿನಲ್ಲೇ ಮಾರಿದ ತೋಟ

ಹರಾಜು ನಮ್ಮ ಕಡೆಯವರಿಗೆ ಹೊಸದಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು, ಚಿಂತಾಮಣಿಯಲ್ಲಿ ಟೊಮೆಟೊ. ಕಣ್ಣೆದುರಿನ ಮಾಲಿಗೆ ಕಣ್ಣೆದುರೇ ಬೆಲೆ. ಐಪಿಎಲ್ ಹರಾಜೂ ಅಷ್ಟೇ. 2024ರ ನವೆಂಬರ್‌ನಲ್ಲಿ ಸಿರಾಜ್‌ ಅವರನ್ನು ಗುಜರಾತ್ 12.25 ಕೋಟಿಗೆ ಕೊಂಡಾಗ, ಆರ್‌ಟಿಎಂ ಕಾರ್ಡ್ ಕೈಯಲ್ಲಿದ್ದೂ ಆರ್‌ಸಿಬಿ ಸುಮ್ಮನಿದ್ದದ್ದಕ್ಕೆ ನಮ್ಮ ಕ್ಯಾಂಟೀನಿನಲ್ಲಿ ಒಂದು ವಾರ ಜಗಳ ನಡೆಯಿತು. ಮುಂದಿನ ಜೂನ್‌ನಲ್ಲಿ ಕಪ್ ಬಂದ ಮೇಲೆ ಆ ಜಗಳ ಯಾರಿಗೂ ನೆನಪಿಲ್ಲ, ಆ ಮಾತು ಬೇರೆ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾರುವುದು ಇನ್ನೂ ಕಣ್ಣಿಗೇ ಬೀಳದ ಮಾಲನ್ನು. ಅಲ್ಲಿ ಹೊಸ ಆಟಗಾರರಿಗೆ ಹರಾಜಿಲ್ಲ, ಡ್ರಾಫ್ಟ್ ಇದೆ. 30 ತಂಡಗಳು ಎರಡು ಸುತ್ತಿನಲ್ಲಿ ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುತ್ತವೆ. ಸೋತ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಖಚಿತವೇನಲ್ಲ, ಲಾಟರಿ ಎತ್ತುತ್ತಾರೆ. 2019ರಲ್ಲಿ ಬಂದ ನಿಯಮ ತೀರಾ ಕೆಳಗಿನ ಮೂರು ತಂಡಗಳಿಗೆ ತಲಾ ಶೇ 14ರಷ್ಟು ಅವಕಾಶ ಕೊಟ್ಟಿತು. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ತಂಡಕ್ಕೆ ಹೋದದ್ದು ಇಂಥದೇ ಡ್ರಾಫ್ಟ್‌ನ 52ನೇ ಸರದಿಯಲ್ಲಿ.

ಈ ಸರದಿಯನ್ನು ತಂಡಗಳು ಮಾರಿಕೊಳ್ಳಬಹುದು. ಅದೂ ಏಳು ವರ್ಷ ಮುಂಚಿತವಾಗಿ! ಅಂದರೆ ಇವತ್ತು ಯಾವುದೋ ಊರಿನಲ್ಲಿ ಆರನೇ ತರಗತಿ ಓದುತ್ತಿರುವ ಹುಡುಗನನ್ನು ಆರಿಸುವ ಹಕ್ಕು ಈಗಲೇ ಕೈ ಬದಲಾಗಿರಬಹುದು. ವಿಚಿತ್ರ ಅನ್ನಿಸುತ್ತದೆಯೇ? ಚಿಂತಾಮಣಿ, ಶ್ರೀನಿವಾಸಪುರದ ಕಡೆ ಮಾವಿನ ತೋಟ ಇಟ್ಟುಕೊಂಡವರನ್ನು ಕೇಳಿ ನೋಡಿ. ಮರ ಹೂ ಬಿಟ್ಟಾಗಲೇ ವ್ಯಾಪಾರಿ ಬರುತ್ತಾನೆ, ಇನ್ನೂ ಹಿಡಿಯದ ಕಾಯಿಗೆ ಮುಂಗಡ ಎಣಿಸುತ್ತಾನೆ. ಮಗಳ ಮದುವೆ, ಬೋರ್‌ವೆಲ್ಲಿನ ಸಾಲ, ಏನೋ ಒಂದು ತುರ್ತು. ತೋಟ ಹೂವಿನಲ್ಲೇ ಮಾರಾಟವಾಗುತ್ತದೆ. ಆ ವರ್ಷ ಕೊಂಬೆ ಮುರಿಯುವಷ್ಟು ಕಾಯಿ ಬಿಟ್ಟರೆ ಲಾಭವೆಲ್ಲ ವ್ಯಾಪಾರಿಯದು.

2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಮಾಡಿದ್ದು ಇದನ್ನೇ. ಆ ವರ್ಷವೇ ಕಪ್ ಗೆಲ್ಲಬೇಕೆಂಬ ಆತುರಕ್ಕೆ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಅವರನ್ನು ಬಾಸ್ಟನ್‌ನಿಂದ ತಂದಿತು. ಪ್ರತಿಯಾಗಿ ಕೊಟ್ಟದ್ದು 2014, 2016, 2018ರ ಮೊದಲ ಸುತ್ತಿನ ಸರದಿಗಳು, ಜೊತೆಗೆ 2017ರ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು. ಒಂದಕ್ಕೂ ಷರತ್ತಿಲ್ಲ. ಹಳಬರು ಬೇಗ ದಣಿದರು, ತಂಡ ತಳ ಸೇರಿತು. ನೆಟ್ಸ್ ಕೆಟ್ಟಷ್ಟೂ ಬಾಸ್ಟನ್ನಿನ ಸರದಿ ಮೇಲೇರಿತು. 2016ರಲ್ಲಿ ಜೇಲನ್ ಬ್ರೌನ್ ಸಿಕ್ಕರು. 2017ರಲ್ಲಿ ನೆಟ್ಸ್‌ನಿಂದ ಬಂದ ಮೊದಲ ಸರದಿಯನ್ನು ಬಾಸ್ಟನ್ ಮೂರನೆಯದಕ್ಕೆ ಬದಲಾಯಿಸಿಕೊಂಡು ಜೇಸನ್ ಟೇಟಮ್ ಅವರನ್ನು ಆರಿಸಿತು.

ಇಂಥ ಅನಾಹುತಕ್ಕೆ ಕಂಡುಕೊಂಡ ಉಪಾಯವೇ ‘ಪ್ರೊಟೆಕ್ಟೆಡ್’ ಸರದಿ, ಕಾವಲಿಟ್ಟ ಸರದಿ ಅನ್ನಿ. ‘ನನ್ನ ಸರದಿ ನಿನಗೆ, ಆದರೆ ಅದು ಮೊದಲ ಹತ್ತರೊಳಗೆ ಬಂದರೆ ನನಗೇ ಉಳಿಯಬೇಕು, ನಿನ್ನ ಬಾಕಿ ಮುಂದಿನ ವರ್ಷ’ ಎಂಬ ಕರಾರು. 2019ರಲ್ಲಿ ಡಲ್ಲಾಸ್ ತಂಡ ನ್ಯೂಯಾರ್ಕಿಗೆ ಹಾಗೆ ಬರೆದುಕೊಟ್ಟಿತ್ತು. 2023ರ ಏಪ್ರಿಲ್‌ನಲ್ಲಿ, ಮುಂದಿನ ಹಂತ ತಲುಪುವ ಅವಕಾಶ ಇನ್ನೂ ಇದ್ದಾಗಲೇ, ಅದು ಮುಖ್ಯ ಆಟಗಾರರನ್ನು ಕೂರಿಸಿ ಷಿಕಾಗೊ ವಿರುದ್ಧ ಸೋತಿತು. ಲೀಗ್ 7.5 ಲಕ್ಷ ಡಾಲರ್ ದಂಡ ಹಾಕಿತು. ಸರದಿ ಬಂದದ್ದು ಸರಿಯಾಗಿ ಹತ್ತನೆಯದು, ಡಲ್ಲಾಸ್‌ಗೇ ಉಳಿಯಿತು. ಟಿಕೆಟ್ ಕೊಂಡು ಬಂದವರಿಗೆ ಅದು ಮೋಸವೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನ್ಯೂಯಾರ್ಕಿನ ಬಾಕಿ ಮರುವರ್ಷ 24ನೇ ಸರದಿಯಾಗಿ ತೀರಿತು. 2024ರ ಫೈನಲ್ ತಲುಪಿದ ತಂಡಗಳು ಯಾವುವು ಗೊತ್ತೇ? ಡಲ್ಲಾಸ್ ಮತ್ತು ಬಾಸ್ಟನ್. ಬ್ರೌನ್, ಟೇಟಮ್ ಇದ್ದ ಬಾಸ್ಟನ್ 4–1ರಿಂದ ಗೆದ್ದಿತು.

ಸತತ ಎರಡು ವರ್ಷಗಳ ಮೊದಲ ಸುತ್ತಿನ ಸರದಿಯನ್ನು ಮುಂದಾಗಿಯೇ ಮಾರಿ ಕೈ ಖಾಲಿ ಮಾಡಿಕೊಳ್ಳುವಂತಿಲ್ಲ ಎಂಬ ಇನ್ನೊಂದು ನಿಯಮವೂ ಅಲ್ಲಿದೆ. 1980ರ ದಶಕದಲ್ಲಿ ಸರದಿಗಳನ್ನು ಬೇಕಾಬಿಟ್ಟಿ ಹಂಚಿದ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಕೋಟ್ಯಧಿಪತಿಗಳನ್ನೂ ಅವರ ಆತುರದಿಂದ ಕಾಯಲು ಕಾನೂನಿದೆ ನೋಡಿ.

ನಮ್ಮನ್ನು ಕಾಯುವವರು ಯಾರು? ಪದವಿ ಮುಗಿಸಿ ಕೆಲಸ ಹುಡುಕುವವರು ಮೊದಲು ಮಾರುವುದು ನಮ್ಮದೇ ಮುಂದಿನ ಎರಡು ಮೂರು ವರ್ಷಗಳನ್ನು. ಅದರ ಹೆಸರು ಬಾಂಡ್. ಬೆಂಗಳೂರಿನ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬೇರೆ ಬ್ಯಾಂಕಿಗೆ ಹೋಗಲು 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಅವರು ಕೋರ್ಟಿಗೆ ಹೋದರು, ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಸಿಂಧು ಎಂದಿತು. ನೇಮಕಾತಿಗೆ ಖರ್ಚು ಮಾಡಿದ ಬ್ಯಾಂಕು ಬಾಂಡ್ ಕೇಳುವುದರಲ್ಲಿ ನನಗೂ ತಪ್ಪು ಕಾಣುವುದಿಲ್ಲ. ಕೈಯಲ್ಲಿ ಕಾಸಿಲ್ಲದವನು ನಾಳೆಯನ್ನಲ್ಲದೆ ಇನ್ನೇನು ಮಾರಿಯಾನು? ನನ್ನ ತಕರಾರು ಇಷ್ಟೇ: ನಾವು ಸಹಿ ಹಾಕುವ ಕಾಗದದಲ್ಲಿ ಷರತ್ತುಗಳೆಲ್ಲ ಕೊಳ್ಳುವವರ ಪರ. ನಾವು ಬಿಟ್ಟು ಹೋದರೆ ದಂಡವೆಷ್ಟು ಎಂದು ಬರೆದಿರುತ್ತದೆ. ಅವರು ಕೆಲಸ ಕೊಡದೆ ಕೂರಿಸಿದರೆ, ಹೇಳಿದ ಸಂಬಳ ಕೊಡದಿದ್ದರೆ ಬಾಂಡ್ ಬಿದ್ದುಹೋಗುತ್ತದೆ ಎಂಬ ಒಂದು ಸಾಲು ಇರುವುದಿಲ್ಲ. ನಾವೂ ಕೇಳುವುದಿಲ್ಲ, ಆಫರ್ ಲೆಟರನ್ನು ಸ್ಟೇಟಸ್‌ಗೆ ಹಾಕುವ ಅವಸರ.

ಕಳೆದ ತಿಂಗಳು ನಮ್ಮ ತರಗತಿಯ ನಾಲ್ವರಿಗೆ ಎರಡು ವರ್ಷದ ಬಾಂಡಿನೊಂದಿಗೆ ಆಫರ್ ಬಂತು, ನನಗೂ. ತರಬೇತಿ ಮುಗಿದು ಆರು ತಿಂಗಳಾದರೂ ಕೆಲಸ ಕೊಡದಿದ್ದರೆ ಬಾಂಡ್ ಏನಾಗುತ್ತದೆ ಎಂದು ಕೇಳಿದೆ. ಇದುವರೆಗೆ ಯಾರೂ ಹೀಗೆ ಕೇಳಿಲ್ಲ, ವಿಚಾರಿಸಿ ಇ–ಮೇಲ್ ಮಾಡುತ್ತೇವೆ ಎಂದರು. ಸಹಿಗೆ ಇನ್ನೂ ಹನ್ನೊಂದು ದಿನ ಇದೆ.