ನೂರು ಕಾರಿಗೆ ನೂರನಾಲ್ವತ್ತು ದೂರು

2025ನೆಯ ಇಸವಿಯ ಫೆಬ್ರುವರಿ ತಿಂಗಳಿನಲ್ಲಿ ಅಮೆರಿಕದ ಜೆ. ಡಿ. ಪವರ್ ಎಂಬ ಸಂಸ್ಥೆಯು ಮೋಟಾರು ಕಾರುಗಳ ವಿಶ್ವಾಸಾರ್ಹತೆಯನ್ನು ಕುರಿತ ತನ್ನ ವಾರ್ಷಿಕ ಸಮೀಕ್ಷೆಯನ್ನು ಪ್ರಕಟಿಸಿತು. ಜಪಾನಿನ ಟೊಯೋಟ ಕಂಪನಿಯು ಸಿರಿವಂತ ಗಿರಾಕಿಗಳಿಗೆಂದು ತಯಾರಿಸುವ ಲೆಕ್ಸಸ್ ಕಾರಿಗೆ ಅದರಲ್ಲಿ ಮೊದಲನೆಯ ಸ್ಥಾನ ದೊರೆಯಿತು. 2023 ಮತ್ತು 2024ರಲ್ಲಿಯೂ ಆ ಸ್ಥಾನ ಅದರದೇ ಆಗಿತ್ತು. ಅದಕ್ಕೂ ಬಹಳ ಹಿಂದೆ, 1995ರಿಂದ 2008ರವರೆಗೆ, ಹದಿನಾಲ್ಕು ವರ್ಷಗಳ ಕಾಲ ಅದು ಆ ಸ್ಥಾನವನ್ನು ಬೇರಾವ ಕಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಇಷ್ಟೊಂದು ಪಾರಿತೋಷಕಗಳನ್ನು ಗಳಿಸಿದ ಕಾರು ಕೆಡುವುದೇ ಇಲ್ಲವೆಂದು ವಾಚಕರು ಭಾವಿಸಿದರೆ ಅದು ಸಹಜವೇ. ಆದರೆ ಫಲಿತಾಂಶದ ಪಟ್ಟಿಯಲ್ಲಿ ಲೆಕ್ಸಸ್ಸಿನ ಮುಂದೆ ಬರೆದಿದ್ದ ಅಂಕಿ 140. ಎಂದರೆ, ನೂರು ಕಾರುಗಳ ಒಡೆಯರು ಹನ್ನೆರಡು ತಿಂಗಳಲ್ಲಿ ತಾವು ಕಂಡುದಾಗಿ ಹೇಳಿಕೊಂಡ ತೊಂದರೆಗಳು ಒಟ್ಟು 140. ಆ ವರ್ಷ ಎಲ್ಲ ಕಾರುಗಳ ಸರಾಸರಿ 202.

ತರಗತಿಗೆ ಮೊದಲಿಗನಾದ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿಯೂ ತಪ್ಪುಗಳಿರುತ್ತವೆ, ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೇನೆಂದರೆ, ಆ ತಪ್ಪುಗಳು ಎಂಥವು ಎಂದು ಯಾರೂ ಕೇಳದಿರುವುದು. ಓಡುತ್ತಿದ್ದ ಕಾರು ನಡುದಾರಿಯಲ್ಲಿ ನಿಂತುಹೋದರೆ ಅದು ಈ ಲೆಕ್ಕದಲ್ಲಿ ಒಂದು ತೊಂದರೆ. ಕಾರಿನೊಳಗಿನ ತೆರೆಗೂ ಒಡೆಯನ ಕೈಫೋನಿಗೂ ಸಂಪರ್ಕ ಕೂಡದೆ ಹೋದರೆ ಅದೂ ಒಂದು ತೊಂದರೆ. ಎರಡಕ್ಕೂ ಒಂದೇ ಅಂಕ. 2024 ಮತ್ತು 2025ರ ಸಮೀಕ್ಷೆಗಳಲ್ಲಿ ಅತಿ ಹೆಚ್ಚು ದೂರುಗಳು ಬಂದದ್ದು ಇಂಜಿನನ್ನು ಕುರಿತಲ್ಲ; ಹಾಡು, ನಕ್ಷೆ, ಫೋನುಗಳನ್ನು ನಡೆಸುವ ಆ ತೆರೆಯನ್ನು ಕುರಿತು. ಹೀಗಿರುವಾಗ 140 ಎಂಬ ಒಂದೇ ಅಂಕಿಯಿಂದ ಕಾರಿನ ದೇಹಾರೋಗ್ಯವನ್ನು ತಿಳಿಯಲು ಹೊರಟರೆ, ನೆಗಡಿಯನ್ನೂ ಹೃದ್ರೋಗವನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿ ಊರಿನ ಆರೋಗ್ಯವನ್ನು ಹೇಳಿದಂತಾಗುತ್ತದೆ.

ಇನ್ನೊಂದು ಸಂಗತಿ. 2021ರಲ್ಲಿ ಇದೇ ಸಮೀಕ್ಷೆಯ ಸರಾಸರಿ 121 ಇದ್ದಿತು; ಮೊದಲನೆಯ ಸ್ಥಾನದ ಲೆಕ್ಸಸ್ಸಿಗೆ 81. ಮರುವರ್ಷ ಸರಾಸರಿ 192ಕ್ಕೆ ಏರಿತು. ಕೊರಿಯದ ಕಿಯಾ ಕಾರು 145 ದೂರುಗಳನ್ನು ಹೊತ್ತೂ ಮೊದಲನೆಯದಾಯಿತು. ಒಂದೇ ವರ್ಷದಲ್ಲಿ ಲೋಕದ ಕಾರುಗಳೆಲ್ಲ ಹದಗೆಟ್ಟವೇ? ಇಲ್ಲ. 2022ರಲ್ಲಿ ಸಂಸ್ಥೆಯು ತನ್ನ ಪ್ರಶ್ನಾವಳಿಯನ್ನೇ ಹೊಸದಾಗಿ ರಚಿಸಿತು. ಮೊದಲು ಕೇಳದಿದ್ದ ಸಂಗತಿಗಳನ್ನು ಕೇಳಿತು. ಪ್ರಶ್ನಪತ್ರಿಕೆ ಬದಲಾದಾಗ ಅಂಕಗಳು ಬದಲಾಗುವುದು ವಿದ್ಯಾರ್ಥಿಗಳಿಗೆ ನಾವು ಹೇಳಿಕೊಡಬೇಕಾದ ವಿಷಯವಲ್ಲ!

ಹಾಗಾದರೆ ಒಂದು ಕಾರು ನಂಬಿಕೆಗೆ ಅರ್ಹವೆಂಬುದನ್ನು ಅಳೆಯುವ ಬೇರೆ ದಾರಿ ಇಲ್ಲವೇ? ಇದ್ದಿತು. ಈ ಬಗೆಯ ಬಹುಮಾನಗಳು ಹುಟ್ಟಿದ ಕಾಲದಲ್ಲಿ ಪರೀಕ್ಷಕನು ಒಡೆಯನ ನೆನಪನ್ನು ಕೇಳುತ್ತಿರಲಿಲ್ಲ, ಯಂತ್ರವನ್ನೇ ಕೇಳುತ್ತಿದ್ದನು. 1907ರಲ್ಲಿ ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಕಂಪನಿಯ ಸಿಲ್ವರ್ ಘೋಸ್ಟ್ ಎಂಬ ಕಾರು ರಾಯಲ್ ಆಟೊಮೊಬೈಲ್ ಕ್ಲಬ್ಬಿನ ವೀಕ್ಷಕರ ಕಣ್ಣೆದುರಿನಲ್ಲಿ 15,000 ಮೈಲಿ ಓಡಿತು. ಅದರಲ್ಲಿ 14,371 ಮೈಲಿಗಳ ಓಟದಲ್ಲಿ ಯಂತ್ರದ ದೋಷದಿಂದ ಅದು ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಕಾರನ್ನು ಕಳಚಿ, ಸವೆದ ಭಾಗಗಳನ್ನು ಅಳೆದು, ಅದನ್ನು ಮತ್ತೆ ಹೊಸದರಂತೆ ಮಾಡಲು ತಗಲುವ ವೆಚ್ಚವನ್ನು ಲೆಕ್ಕ ಹಾಕಿದಾಗ ಅದು ಎರಡು ಪೌಂಡುಗಳಿಗಿಂತ ಸ್ವಲ್ಪ ಹೆಚ್ಚಾಯಿತು, ಅಷ್ಟೆ.

ಮರುವರ್ಷ ಅಮೆರಿಕದ ಕ್ಯಾಡಿಲಾಕ್ ಕಾರು ಅದೇ ಕ್ಲಬ್ಬಿನ ಮುಂದೆ ಇನ್ನೂ ವಿಚಿತ್ರವಾದ ಪರೀಕ್ಷೆಗೆ ನಿಂತಿತು. ಆಗ ಅದಕ್ಕೆ ಇಂದಿನ ವೈಭವದ ಹೆಸರಿರಲಿಲ್ಲ. ಒಂದೇ ಸಿಲಿಂಡರಿನ ಸಾಧಾರಣ ಗಾಡಿ. ಲಂಡನ್ನಿನ ವ್ಯಾಪಾರಿಯ ದಾಸ್ತಾನಿನಿಂದ ಕ್ಲಬ್ಬಿನವರೇ ಮೂರು ಕಾರುಗಳನ್ನು ಆರಿಸಿ ಬ್ರೂಕ್‌ಲ್ಯಾಂಡ್ಸ್ ಎಂಬ ಓಟದ ಮೈದಾನಕ್ಕೆ ತರಿಸಿದರು. ಒಂದೊಂದು ಕಾರನ್ನೂ 721 ಭಾಗಗಳಾಗಿ ಬಿಡಿಸಿ, 2,163 ಭಾಗಗಳನ್ನೂ ಒಂದೇ ರಾಶಿಯಲ್ಲಿ ಕಲಸಿಬಿಟ್ಟರು. ಅಷ್ಟಕ್ಕೇ ಬಿಡದೆ, ರಾಶಿಯಿಂದ 89 ಭಾಗಗಳನ್ನು ತೆಗೆದುಹಾಕಿ, ಅವುಗಳ ಬದಲಿಗೆ ವ್ಯಾಪಾರಿಯ ಉಗ್ರಾಣದಲ್ಲಿದ್ದ ಬಿಡಿಭಾಗಗಳನ್ನು ಇಟ್ಟರು. ಈ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಜೋಡಿಸಬೇಕು. ಕೈಯಲ್ಲಿ ಸ್ಪ್ಯಾನರು, ತಿರುಪುಳಿಯಂಥ ಸಾಮಾನ್ಯ ಸಲಕರಣೆಗಳು ಮಾತ್ರ. ಭಾಗವು ಕೂಡಲಿಲ್ಲವೆಂದು ಅರದಿಂದ ಉಜ್ಜುವಂತಿಲ್ಲ. ಹೀಗೆ ಮೈಯೆಲ್ಲ ಬೇರೆಬೇರೆ ಬಣ್ಣದ ತುಂಡುಗಳಾಗಿ ಎದ್ದುನಿಂತ ಮೂರು ಕಾರುಗಳೂ ಐನೂರು ಮೈಲಿ ಓಡಿದವು. ಅವುಗಳಲ್ಲಿ ಒಂದನ್ನು ಬೀಗ ಹಾಕಿ ಇರಿಸಿ, ಜೂನ್ ತಿಂಗಳಿನ ಎರಡು ಸಾವಿರ ಮೈಲಿಗಳ ಪಂದ್ಯಕ್ಕೆ ಬಿಟ್ಟಾಗ ಅದು ತನ್ನ ವರ್ಗದಲ್ಲಿ ಗೆದ್ದಿತು. ಆ ಸಾಧನೆಗಾಗಿ ಕ್ಯಾಡಿಲಾಕಿಗೆ ಡ್ಯೂವಾರ್ ಪಾರಿತೋಷಕ ಸಂದಿತು.

ಆ ಕಾಲದ ಮೋಟಾರು ತಯಾರಿಕೆಯಲ್ಲಿ ಒಂದೊಂದು ಭಾಗವನ್ನೂ ಕೆಲಸಗಾರನು ಕೈಯಿಂದ ಉಜ್ಜಿ ಇನ್ನೊಂದಕ್ಕೆ ಕೂಡಿಸುತ್ತಿದ್ದುದು ವಾಡಿಕೆ. ಕ್ಯಾಡಿಲಾಕಿನ ಸ್ಥಾಪಕ ಹೆನ್ರಿ ಲೇಲೆಂಡ್ ಬಂದೂಕು ಮತ್ತು ಸೂಕ್ಷ್ಮ ಉಪಕರಣಗಳ ಕಾರಖಾನೆಗಳಲ್ಲಿ ಪಳಗಿದವನು. ಇಂಚಿನ ಸಾವಿರದ ಒಂದು ಪಾಲಿನ ಬೆಲೆ ಅವನಿಗೆ ತಿಳಿದಿತ್ತು. ಪಾರಿತೋಷಕವು ಅಳೆದದ್ದು ಅದನ್ನೇ. (ಅದೇ ಕ್ಯಾಡಿಲಾಕಿಗೆ 1990ರಲ್ಲಿ ಅಮೆರಿಕದ ಬಾಲ್ಡ್ರಿಜ್ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಯೂ ಬಂದಿತು. ಅದು ಕಾರಖಾನೆಯ ಕಾರ್ಯಕ್ರಮವನ್ನು ತೂಗಿದ ಪ್ರಶಸ್ತಿ, ಕಾರನ್ನು ತೂಗಿದ್ದಲ್ಲ. ಹೆಸರು ಒಂದೇ ಇದ್ದರೂ ಎರಡು ಬಹುಮಾನಗಳು ಒಂದೇ ಮಾತನ್ನು ಹೇಳುವುದಿಲ್ಲ.)

721 ಎಂಬ ಆ ಸಂಖ್ಯೆಯನ್ನು ಹಿಡಿದು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಯಂತ್ರದಲ್ಲಿ 721 ಭಾಗಗಳಿವೆ. ಅವುಗಳಲ್ಲಿ ಯಾವ ಒಂದು ಕೆಟ್ಟರೂ ಯಂತ್ರ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಒಂದೊಂದು ಭಾಗವೂ ವರ್ಷವಿಡೀ ಕೆಡದೆ ಉಳಿಯುವ ಸಂಭಾವ್ಯತೆ ಸಾವಿರಕ್ಕೆ 999 ಇರಲಿ. ಬಹಳ ಒಳ್ಳೆಯ ಭಾಗವೆಂದು ನಮಗೆ ತೋರುತ್ತದೆ. ಆದರೆ ಇಡೀ ಯಂತ್ರವು ಕೆಡದೆ ಉಳಿಯುವ ಸಂಭಾವ್ಯತೆಯನ್ನು ಪಡೆಯಲು 0.999ನ್ನು 721 ಸಲ ಗುಣಿಸಬೇಕು. ಉತ್ತರ 0.49ಕ್ಕೂ ಕಡಿಮೆ. ಎಂದರೆ ಅರ್ಧಕ್ಕಿಂತ ಹೆಚ್ಚು ಯಂತ್ರಗಳು ವರ್ಷದೊಳಗೆ ನಿಂತಿರುತ್ತವೆ. ಇಂದಿನ ಕಾರಿನಲ್ಲಿ ತಿರುಪು ಮೊಳೆಗಳನ್ನೂ ಎಣಿಸಿದರೆ ಸುಮಾರು 30,000 ಭಾಗಗಳು. ಅಂಥ ನೂರು ಕಾರುಗಳಲ್ಲಿ ತೊಂಬತ್ತು ವರ್ಷವಿಡೀ ನಿಲ್ಲದೆ ಓಡಬೇಕಾದರೆ, ಹತ್ತು ಲಕ್ಷ ಭಾಗಗಳಿಗೆ ಮೂರು ನಾಲ್ಕಕ್ಕಿಂತ ಹೆಚ್ಚು ಕೆಡಕೂಡದು. ಎಲ್ಲ ಭಾಗಗಳೂ ಕಾರನ್ನು ನಿಲ್ಲಿಸುವಷ್ಟು ಮುಖ್ಯವಲ್ಲ, ನಿಜ. ಆದರೂ ಕೆಲಸದ ಕಾಠಿಣ್ಯ ಇದರಿಂದ ಮನವರಿಕೆಯಾಗುತ್ತದೆ. ಕಾರಿನಲ್ಲಿ ಅಲಂಕಾರ ಹೆಚ್ಚಿದಷ್ಟೂ ಕೆಡುವ ಜಾಗಗಳು ಹೆಚ್ಚುತ್ತವೆ. ಆದಕಾರಣ ಐಷಾರಾಮಿ ಕಾರೊಂದು ವಿಶ್ವಾಸಾರ್ಹತೆಯ ಪಟ್ಟಿಯ ಮೇಲ್ತುದಿಯಲ್ಲಿ ನಿಲ್ಲುವುದು ಸಣ್ಣ ಕಾರು ನಿಲ್ಲುವುದಕ್ಕಿಂತ ಕಷ್ಟ.

ಟೊಯೋಟದವರು ಈ ಲೆಕ್ಕವನ್ನು ಬಲ್ಲವರಾಗಿದ್ದರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ, ಕೆಟ್ಟ ಮಾಲನ್ನು ಕೊನೆಯಲ್ಲಿ ಆರಿಸಿ ಎಸೆಯುವ ಬದಲು ಅದು ಹುಟ್ಟುವ ಜಾಗದಲ್ಲಿಯೇ ಅದರ ಕಾರಣವನ್ನು ಹುಡುಕುವ ವಿಧಾನವನ್ನು ಬೋಧಿಸಿದನು. ಅವನ ಹೆಸರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಬಹುಮಾನವನ್ನು ಟೊಯೋಟ 1965ರಲ್ಲಿ ಗಳಿಸಿತು. 1983ರಲ್ಲಿ ಕಂಪನಿಯ ಮುಖ್ಯಸ್ಥ ಐಜಿ ಟೊಯೋಡ ಜಗತ್ತಿನ ಅತ್ಯುತ್ತಮ ಕಾರುಗಳನ್ನು ಮೀರಿಸುವ ಕಾರೊಂದನ್ನು ಮಾಡಲು ಸಾಧ್ಯವೇ ಎಂದು ಕೇಳಿದನು. ಸುಮಾರು 450 ಮಾದರಿ ಕಾರುಗಳನ್ನು ಕಟ್ಟಿ ಪರೀಕ್ಷಿಸಿದ ಮೇಲೆ, 1989ರಲ್ಲಿ ಎಲ್.ಎಸ್. 400 ಎಂಬ ಮೊದಲನೆಯ ಲೆಕ್ಸಸ್ ಮಾರಾಟಕ್ಕೆ ಬಂದಿತು.

ಬಂದು ಮೂರು ತಿಂಗಳಾಗಿರಲಿಲ್ಲ. ಬ್ರೇಕಿನ ದೀಪವೊಂದು ಮಿತಿಮೀರಿ ಕಾದ ಬಗ್ಗೆಯೂ ತಂತಿಗಳ ದೋಷದ ಬಗ್ಗೆಯೂ ದೂರುಗಳು ಬಂದವು. ಬೆರಳೆಣಿಕೆಯ ದೂರುಗಳಿಗಾಗಿ ಕಂಪನಿಯು ಮಾರಾಟವಾಗಿದ್ದ ಸುಮಾರು 8,000 ಕಾರುಗಳನ್ನೂ ಹಿಂದಕ್ಕೆ ಕರೆಯಿತು. ಕೆಲಸಗಾರರು ಒಡೆಯರ ಮನೆಗಳಿಗೇ ಹೋಗಿ, ಇಪ್ಪತ್ತು ದಿನಗಳಲ್ಲಿ ಎಲ್ಲವನ್ನೂ ಸರಿಪಡಿಸಿದರು. ಹದಿನಾಲ್ಕು ವರ್ಷಗಳ ಪ್ರಥಮ ಸ್ಥಾನಕ್ಕಿಂತ ಈ ಇಪ್ಪತ್ತು ದಿನಗಳು ನಮ್ಮ ದೃಷ್ಟಿಯಲ್ಲಿ ಹೆಚ್ಚಿನವು. ಯಾವ ಪಾರಿತೋಷಕವೂ ಅಂದು ಅದಕ್ಕಾಗಿ ಕಾದಿರಲಿಲ್ಲ.

ಇನ್ನು ಕಾಲದ ಪ್ರಶ್ನೆ. ಯಂತ್ರಗಳು ಕೆಡುವ ಪ್ರಮಾಣವನ್ನು ವಯಸ್ಸಿಗೆ ಅನುಗುಣವಾಗಿ ಗೆರೆ ಎಳೆದರೆ, ಅದು ಸ್ನಾನದ ತೊಟ್ಟಿಯ ಆಕಾರವನ್ನು ತಾಳುತ್ತದೆ. ತಯಾರಿಕೆಯ ದೋಷಗಳು ಮೊದಲ ತಿಂಗಳುಗಳಲ್ಲಿ ಹೊರಬೀಳುತ್ತವೆ. ಆಮೇಲೆ ಗೆರೆ ಇಳಿದು ಬಹುಕಾಲ ಸಮತಟ್ಟಾಗಿ ಸಾಗುತ್ತದೆ. ಸವೆತ ಆರಂಭವಾದೊಡನೆ ಮತ್ತೆ ಏರುತ್ತದೆ. ಜೆ. ಡಿ. ಪವರ್ ಸಂಸ್ಥೆಯ ಒಂದು ಪ್ರಶಸ್ತಿಯು ಮೊದಲ ತೊಂಬತ್ತು ದಿನಗಳನ್ನು ನೋಡುತ್ತದೆ. ನಾವು ಹೇಳುತ್ತಿರುವ ಇನ್ನೊಂದು ಮೂರು ವರ್ಷ ವಯಸ್ಸಿನ ಕಾರುಗಳನ್ನು, ಅದೂ ಮೊದಲನೆಯ ಒಡೆಯರ ಕೈಯಲ್ಲಿರುವವನ್ನು, ನೋಡುತ್ತದೆ. ಎಂದರೆ ತೊಟ್ಟಿಯ ಒಂದು ಗೋಡೆಯೂ ತಳದ ಒಂದು ತುಣುಕೂ ಕಂಡವು, ಎದುರುಗೋಡೆ ಕಾಣಲಿಲ್ಲ. ಅಮೆರಿಕದ ರಸ್ತೆಗಳ ಮೇಲಿನ ಲಘು ವಾಹನಗಳ ಸರಾಸರಿ ವಯಸ್ಸು 2024ರಲ್ಲಿ ಹನ್ನೆರಡು ವರ್ಷಗಳನ್ನು ಮೀರಿತ್ತು. ಹಳೆಯ ಕಾರನ್ನು ಎರಡನೆಯ ಮೂರನೆಯ ಕೈಯಿಂದ, ಸಾಲ ಮಾಡಿ ಕೊಳ್ಳುವ ಬಡ ಗುಮಾಸ್ತನಿಗೆ ಬೇಕಾದ ಮಾಹಿತಿ ಆ ಎದುರುಗೋಡೆಯಲ್ಲಿದೆ. 1996ರ ಮಾದರಿಯ ಎಲ್.ಎಸ್. 400 ಒಂದು 2019ರಲ್ಲಿ ಹತ್ತು ಲಕ್ಷ ಮೈಲಿ ಮುಟ್ಟಿದ್ದನ್ನು ಕೆಲವರು ಉದಾಹರಿಸುತ್ತಾರೆ. ಅದು ಸೋಜಿಗವೇ, ಆದರೆ ನೂರು ವರ್ಷ ಬಾಳಿದ ಅಜ್ಜನೊಬ್ಬನಿಂದ ಊರಿನ ಆಯುಷ್ಯ ತಿಳಿಯದು.

ಸಿರಿವಂತರು ಕಾರನ್ನು ಕಾಲಕ್ಕೆ ಸರಿಯಾಗಿ ಆರೈಕೆ ಮಾಡಿಸುತ್ತಾರೆ, ಆದ್ದರಿಂದಲೇ ಅವರ ಕಾರುಗಳು ಕೆಡುವುದಿಲ್ಲ ಎಂಬ ಆಕ್ಷೇಪವನ್ನು ನಾವು ಕೇಳಿದ್ದೇವೆ. ಇದು ನಿಲ್ಲುವ ವಾದವಲ್ಲ. ಹಾಗಿದ್ದಲ್ಲಿ ಐಷಾರಾಮಿ ಕಾರುಗಳೆಲ್ಲವೂ ಪಟ್ಟಿಯ ಮೇಲ್ಭಾಗದಲ್ಲಿರಬೇಕಿತ್ತು. 2025ರ ಪಟ್ಟಿಯಲ್ಲಿ ಜರ್ಮನಿಯ ಔಡಿ ಕಾರು ಸರಾಸರಿಗಿಂತ ಬಹಳ ಹಿಂದೆ ಇದ್ದಿತು. ಅದರ ಒಡೆಯರೇನೂ ಬಡವರಲ್ಲ.

ಸಮೀಕ್ಷೆಯ ಖರ್ಚಿನ ವಿಷಯವನ್ನೂ ಹೇಳಬೇಕು. ಜೆ. ಡಿ. ಪವರ್ ವ್ಯಾಪಾರ ಸಂಸ್ಥೆ. ಗೆದ್ದ ಕಂಪನಿಯು ಆ ಪ್ರಶಸ್ತಿಯನ್ನು ತನ್ನ ಜಾಹೀರಾತಿನಲ್ಲಿ ಬಳಸಬೇಕಾದರೆ ಶುಲ್ಕ ತೆರಬೇಕು. ಸಮೀಕ್ಷೆಯ ವಿವರಗಳನ್ನು ಸಂಸ್ಥೆಯು ತಯಾರಕರಿಗೆ ಮಾರುತ್ತದೆ. ಇದರಿಂದ ಫಲಿತಾಂಶವೇ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಒರೆಗೆ ಹಚ್ಚಲು ಬೇರೊಂದು ಕಲ್ಲು ಬೇಕು. ಅಂಥದೊಂದು ಅಮೆರಿಕದಲ್ಲಿಯೇ ಇದೆ. 1936ರಲ್ಲಿ ಆರಂಭವಾದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು ಜಾಹೀರಾತನ್ನು ಸ್ವೀಕರಿಸುವುದಿಲ್ಲ. ಪರೀಕ್ಷೆಗೆ ಬೇಕಾದ ಕಾರನ್ನು ಹಣ ಕೊಟ್ಟು ಕೊಳ್ಳುತ್ತಾರೆ. ತಮ್ಮ ಅಭಿಪ್ರಾಯವನ್ನು ಜಾಹೀರಾತಿನಲ್ಲಿ ಬಳಸಲು ಯಾರಿಗೂ ಬಿಡುವುದಿಲ್ಲ. ವಿಶ್ವಾಸಾರ್ಹತೆಯ ವಿಷಯದಲ್ಲಿ ಅವರೂ ತಮ್ಮ ಸದಸ್ಯರನ್ನು ಕೇಳುತ್ತಾರೆ; ಆದರೆ ಇಂಜಿನಿನಂಥ ಮುಖ್ಯ ಭಾಗದ ದೋಷಕ್ಕೆ ಹೆಚ್ಚಿನ ತೂಕ ಕೊಡುತ್ತಾರೆ. 2024ರ ಡಿಸೆಂಬರಿನಲ್ಲಿ ಅವರ ಪಟ್ಟಿಯಲ್ಲಿ ಸುಬಾರು ಮೊದಲನೆಯದು, ಲೆಕ್ಸಸ್ ಎರಡನೆಯದು. ಬೇರೆಬೇರೆ ಕೈಗಳಲ್ಲಿರುವ ಎರಡು ತಕ್ಕಡಿಗಳು ಹೆಚ್ಚುಕಡಿಮೆ ಒಂದೇ ತೂಕವನ್ನು ತೋರಿಸಿದಾಗ ಭೌತಶಾಸ್ತ್ರದ ವಿದ್ಯಾರ್ಥಿಗೆ ಧೈರ್ಯ ಬರುತ್ತದೆ. ಲೆಕ್ಸಸ್ಸನ್ನು ನಾವು ಒಳ್ಳೆಯ ಕಾರೆಂದು ಒಪ್ಪುವುದು ಈ ಕಾರಣದಿಂದ. ಅದರ ಪ್ರಶಸ್ತಿಗಳ ಎಣಿಕೆಯಿಂದಲ್ಲ.

ಸಮೀಕ್ಷೆಗಳನ್ನು ನಡೆಸುವವರು ಇನ್ನೊಂದು ಕೆಲಸ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಕಾರನ್ನು ನಿಲ್ಲಿಸಿದ ದೋಷಗಳೆಷ್ಟು, ಒಡೆಯನಿಗೆ ಬೇಸರ ತಂದ ಕೊರತೆಗಳೆಷ್ಟು ಎಂಬ ಎರಡು ಅಂಕಿಗಳನ್ನು ಒಂದೊಂದು ಹೆಸರಿನ ಮುಂದೆಯೂ ಬೇರೆಬೇರೆಯಾಗಿ ಸಾರ್ವಜನಿಕರಿಗೆ ತೋರಿಸಬೇಕು. ಹತ್ತು ವರ್ಷದ ಕಾರುಗಳಿಗೂ ಒಂದು ಪಟ್ಟಿ ಇರಬೇಕು. ಕಾರುಗಳು ಇಂದು ತಮ್ಮ ದೋಷಗಳನ್ನು ತಾವೇ ತಮ್ಮೊಳಗಿನ ಗಣಕದಲ್ಲಿ ಬರೆದಿಟ್ಟುಕೊಳ್ಳುತ್ತವೆ. ಒಡೆಯನ ನೆನಪನ್ನೇ ನಂಬಿ ಕೂರಬೇಕಾದ ಕಾಲ ಕಳೆದಿದೆ.

ಲೆಕ್ಸಸ್ ನಮಗೂ ತೀರ ದೂರದ್ದಲ್ಲ. 2020ರ ಜನವರಿಯಲ್ಲಿ ಇ.ಎಸ್. 300ಎಚ್ ಎಂಬ ಮಾದರಿಯನ್ನು ಬೆಂಗಳೂರಿನ ಬಳಿಯ ಬಿಡದಿಯ ಕಾರಖಾನೆಯಲ್ಲಿ ತಯಾರಿಸಲು ಆರಂಭಿಸಿದರು. ಅಮೆರಿಕದ ಸಮೀಕ್ಷೆಯ ಉತ್ತರಗಳು ಅಮೆರಿಕದ ರಸ್ತೆಗಳಲ್ಲಿ ಓಡಿದ ಕಾರುಗಳವು. ಆಗುಂಬೆಯ ಘಾಟಿಯ ಮಳೆಯಾಗಲಿ ರಾಯಚೂರಿನ ಬೇಸಗೆಯ ಧೂಳಾಗಲಿ ಅವುಗಳಲ್ಲಿಲ್ಲ. ಅಲ್ಲಿಯ ಪಾರಿತೋಷಕದ ಚಿತ್ರವನ್ನು ಇಲ್ಲಿಯ ಅಂಗಡಿಯ ಗೋಡೆಯ ಮೇಲೆ ಕಂಡ ವಿದ್ಯಾರ್ಥಿಯು, ಅದು ಯಾವ ವರ್ಷದ್ದು, ಎಷ್ಟು ವಯಸ್ಸಿನ ಕಾರಿಗೆ ಸಂದದ್ದು, ಯಾವ ಊರಿನ ಒಡೆಯರು ಹೇಳಿದ್ದು ಎಂದು ಮಾರಾಟಗಾರನನ್ನು ಕೇಳಲಿ.