ಔಷಧಿ ಬೇರೆ, ಅಮಲು ಬೇರೆ
ಗಾಂಜಾ ಎಂದೊಡನೆ ಹೆತ್ತವರು ಬೆಚ್ಚುವುದು ಸಹಜ. ಅದು ಎಷ್ಟೋ ಯುವಕರ ಬದುಕನ್ನು ಹಾಳುಗೆಡವಿದೆ. ಆದರೆ ಅಮಲಿನ ವಿರುದ್ಧದ ಆಕ್ರೋಶ ರೋಗಿಗಳ ಮೇಲೆ ತಿರುಗಬಾರದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿ ನಿಯಮಗಳಿಂದಾಗಿ ಕ್ಯಾನ್ಸರ್ ರೋಗಿಗಳಿಗೆ ನೋವು ತಗ್ಗಿಸುವ ಮಾರ್ಫಿನ್ ಕೂಡಾ ದುರ್ಲಭವಾಯಿತು. ನಿಯಮ ಸಡಿಲಿಸುವ ತಿದ್ದುಪಡಿ ಬಂದದ್ದು 2014ರಲ್ಲಿ. ಅದೇ ತಪ್ಪು ಗಾಂಜಾದ ವಿಷಯದಲ್ಲಿಯೂ ಮರುಕಳಿಸಬೇಕೇ?

ಗಾಂಜಾ ಗಿಡದಲ್ಲಿರುವ, ಅಮಲೇರಿಸದ ಕ್ಯಾನಬಿಡಿಯಾಲ್ ಎಂಬ ಅಂಶದಿಂದ ತಯಾರಾದ ಔಷಧಿಗೆ 2018ರಲ್ಲಿ ಅಮೆರಿಕ ಅನುಮತಿ ನೀಡಿತು. ಎಳೆಯ ಮಕ್ಕಳನ್ನು ಕಾಡುವ ಅಪರೂಪದ, ತೀವ್ರ ಮೂರ್ಛೆರೋಗಕ್ಕೆ ಅದು ಬಳಕೆಯಾಗುತ್ತಿದೆ. ನಮ್ಮ ಕಾಯ್ದೆಯಲ್ಲಿಯೂ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿಯಿದೆ. ಹಾಗೆಂದು ಬೀದಿಯಲ್ಲಿ ಮಾರುವ ಗಾಂಜಾ ಔಷಧಿಯಾಗದು. ಮಾರಾಟ ಜಾಲವನ್ನು ಸರಕಾರ ನಿರ್ದಾಕ್ಷಿಣ್ಯವಾಗಿ ಮಟ್ಟಹಾಕಲಿ. ಪ್ರಯೋಗಾಲಯದ ಬಾಗಿಲನ್ನು ಮಾತ್ರ ಮುಚ್ಚದಿರಲಿ.