ಓಮ್‌ಗೂ ಮುಂಚೆ ಬರುವ ಅಕ್ಷರ

ಗೀಸರ್ ರಿಪೇರಿಗೆ ಬಂದವರು ಮಲ್ಟಿಮೀಟರ್ ಹಿಡಿದು, "ಇಪ್ಪತ್ತಾರು ತೋರಿಸ್ತಿದೆ" ಅಂತಾರೆ ಅಂದ್ಕೊಳ್ಳಿ. ಇಪ್ಪತ್ತಾರು ಏನು? ಓಮಾ, ಕಿಲೋ ಓಮಾ? ಎಲ್ಲಿಂದ ಎಲ್ಲಿಗೆ ಅಳೆದದ್ದು? ಇಷ್ಟು ಕೇಳದೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ವಿದ್ಯುತ್ ಹರಿವಿಗೆ ಎದುರಾಗುವ ಅಡ್ಡಿಯೇ ರೋಧ. ಅದರ ಅಳತೆ ಓಮ್. ಲೆಕ್ಕ ಸುಲಭ. 1,000 ಓಮ್ ಅಂದ್ರೆ 1 ಕಿಲೋ ಓಮ್, 10 ಲಕ್ಷ ಓಮ್ ಅಂದ್ರೆ 1 ಮೆಗಾ ಓಮ್. ಮೀಟರಿನಲ್ಲಿ 0.026 ಕಿಲೋ ಓಮ್ ಅಂತ ಕಂಡರೆ ಸಾವಿರದಿಂದ ಗುಣಿಸಿ: 26 ಓಮ್. ಇಂಗ್ಲಿಷಿನ ದೊಡ್ಡ 'ಎಂ' ಮೆಗಾ, ಚಿಕ್ಕ 'ಎಂ' ಮಿಲಿ. ಇವೆರಡರ ನಡುವೆ ನೂರು ಕೋಟಿ ಪಟ್ಟು ಅಂತರ!

ಈಗ ಗೀಸರ್‌ಗೆ ಬರೋಣ. 230 ವೋಲ್ಟ್‌ನಲ್ಲಿ ಓಡುವ 2,000 ವ್ಯಾಟ್‌ನ ಕಾಯಿಲ್‌ನ ಎರಡು ತುದಿಗಳ ನಡುವೆ ಸುಮಾರು 26 ಓಮ್ ಇದ್ದರೆ ಸರಿ. ಅದೇ 26 ಕಿಲೋ ಓಮ್ ಆಗಿದ್ದರೆ ಸಿಗೋದು ಬರೀ 2 ವ್ಯಾಟ್. ನೀರು ಕಾಯೋದಿಲ್ಲ, ಅಷ್ಟೇ.

ಆದರೆ ಕಾಯಿಲ್‌ಗೂ ಗೀಸರ್‌ನ ಲೋಹದ ಮೈಗೂ ನಡುವೆ 26 ಕಿಲೋ ಓಮ್ ಬಂದರೆ? ಅಲ್ಲಿರಬೇಕಾದ್ದು ಮೆಗಾ ಓಮ್ ಲೆಕ್ಕದಲ್ಲಿ. ವೋಲ್ಟನ್ನು ಕಿಲೋ ಓಮ್‌ನಿಂದ ಭಾಗಿಸಿದರೆ ಉತ್ತರ ನೇರವಾಗಿ ಮಿಲಿಆಂಪಿಯರ್‌ನಲ್ಲೇ ಬರುತ್ತೆ. 230 ಭಾಗಿಸು 26, ಸುಮಾರು 9 ಮಿಲಿಆಂಪಿಯರ್ ಸೋರಿಕೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಷ್ಟಕ್ಕೆ ಟ್ರಿಪ್ ಆಗಲ್ಲ. ಅರ್ಥಿಂಗ್ ಕೂಡ ಇಲ್ಲದಿದ್ದರೆ, ಸೋರಿಕೆ ಇದೆ ಅಂತ ಮೊದಲು ಗೊತ್ತಾಗೋದು ಮುಟ್ಟಿದವರಿಗೇ.

ನಮ್ಮ ಮೈಗೂ ಇದೇ ಲೆಕ್ಕ. ಒಣ ಚರ್ಮದ ರೋಧ ಕೆಲವೊಮ್ಮೆ 100 ಕಿಲೋ ಓಮ್‌ವರೆಗೂ ಇರುತ್ತೆ: 2.3 ಮಿಲಿಆಂಪಿಯರ್. ಒದ್ದೆಯಾದರೆ 1 ಕಿಲೋ ಓಮ್‌ಗೂ ಇಳಿಯಬಹುದು: 230 ಮಿಲಿಆಂಪಿಯರ್, ಪ್ರಾಣಕ್ಕೇ ಅಪಾಯ. ಕೈ ಒಣಗಿದೆ ಅನ್ನೋ ಧೈರ್ಯವೂ ಬೇಡ. ವೋಲ್ಟೇಜ್ ಹೆಚ್ಚಾದಷ್ಟೂ ಚರ್ಮದ ತಡೆಯುವ ಶಕ್ತಿ ಕುಸಿಯುತ್ತೆ. ಸ್ನಾನದಮನೆಯಲ್ಲಿ ನಾವು ಯಾವಾಗಲೂ ಒದ್ದೆಯೇ ಅಲ್ವಾ?

ಇನ್ನೊಂದು ವಿಷಯ. ಮಲ್ಟಿಮೀಟರ್ ಅಳೆಯೋದು ಕೆಲವೇ ವೋಲ್ಟ್‌ನಲ್ಲಿ. ಹಾಗಾಗಿ ಅದರಲ್ಲಿ ಚೆನ್ನಾಗಿ ಕಂಡ ಇನ್ಸುಲೇಷನ್ 230 ವೋಲ್ಟ್‌ಗೆ ಸೋಲಬಹುದು. ಅದಕ್ಕೇ 500 ವೋಲ್ಟ್ ಹಾಕಿ ಪರೀಕ್ಷಿಸುವ ಮೆಗ್ಗರ್ ಇರೋದು. ಎಲೆಕ್ಟ್ರಿಷಿಯನ್ ಬಂದಾಗ "ಮೆಗ್ಗರ್ ಹಾಕಿ ನೋಡಿ, ಎಷ್ಟು ಮೆಗಾ ಓಮ್ ಬಂತು?" ಅಂತ ಕೇಳಿ. ಮೆಗಾ ಅನ್ನೋ ಜಾಗದಲ್ಲಿ ಕಿಲೋ ಅನ್ನೋ ಉತ್ತರ ಬಂದರೆ, ಕಾಯಿಲ್ ಬದಲಾಯಿಸೋವರೆಗೂ ಆ ಗೀಸರ್ ಸ್ವಿಚ್ ಹಾಕಬೇಡಿ.